ಲಕ್ವಾ ಅಲ್ಲರೀ, ಮನಶ್ಶಾಸ್ತ್ರ!

"ಇಂದಿನಿಂದ ಈ ಮನಿಯೊಳಗ ಸಿಟ್ಟಿಗೆ ಪ್ರವೇಶ ಇಲ್ಲ!"

ಶನಿವಾರ ಸಂಜೆ ಕಲಬುರ್ಗಿಯಿಂದ ಬಂದವನೇ, ಬೂಟೂ ಕಳಚದೆ, ಪಡಸಾಲೆಯ ನಡುವೆ ನಿಂತು ನಾನು ಹೀಗೆಂದು ಘೋಷಿಸಿದೆ. ಯುದ್ಧ ಗೆದ್ದು ಬಂದ ಚಕ್ರವರ್ತಿಯೂ ಅಷ್ಟು ಗತ್ತಿನಿಂದ ಮಾತಾಡಿರಲಿಕ್ಕಿಲ್ಲ! ಆದರೆ ನನ್ನ ಪ್ರಜೆಗಳು ಇಬ್ಬರೇ. ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದ ನನ್ನ ತಾಯಿ ಸಾಬವ್ವ ಒಬ್ಬಳು. ನಮ್ಮೂರು ಜೇವರ್ಗಿಯದೇ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸ್ ಆಗಿರುವ ನನ್ನ ಹೆಂಡತಿ ಅನುರಾಧಾ ಇನ್ನೊಬ್ಬಳು.

"ಮೊದಲು ನಿಮ್ಮ ಬೂಟಿಗೆ ಪ್ರವೇಶ ಬಂದ್ ಮಾಡ್ರಿ," ಅಂದಳು ಅನುರಾಧಾ. "ಈಗಷ್ಟೇ ಫರಸಿ ಒರಸೇನಿ."

ನಾನು ಪಿಯು ಕಾಲೇಜಿನಲ್ಲಿ ಗಣಿತ ಕಲಿಸುವವನು. ಮನಶ್ಶಾಸ್ತ್ರದ ತರಬೇತಿಗೆ ಯಾರನ್ನಾದರೂ ಕಳಿಸಬೇಕು ಅಂತ ಮೇಲಿನಿಂದ ಆದೇಶ ಬಂದಾಗ ಉಳಿದವರಿಗೆಲ್ಲ ಅದೇ ವಾರ ಮದುವೆಗಳಿದ್ದವು. ಹೀಗಾಗಿ ಆ ಶಾಸ್ತ್ರ ನನ್ನ ಕೊರಳಿಗೆ ಬಿತ್ತು. ಹೋದದ್ದು ಗೊಣಗುತ್ತಲೇ, ಬಂದದ್ದು ಮಾತ್ರ ಜ್ಞಾನಿಯಾಗಿ! ಅಲ್ಲಿ ಮನೀಷಾ ಮೇಡಂ ಹೇಳಿಕೊಟ್ಟದ್ದು ಇಷ್ಟು: ಸಿಟ್ಟು ಬರೀ ಮೇಲಿನ ಹೊದಿಕೆ, ಅದರ ಕೆಳಗೆ ಬೇರೆ ಭಾವನೆ ಇರುತ್ತದೆ. ಅದನ್ನು ಹುಡುಕಿ ಹೆಸರಿಟ್ಟರೆ ಸಿಟ್ಟು ತಾನೇ ಇಳಿಯುತ್ತದೆ. ಎದುರಿನವರಿಗೆ ತಟ್ಟನೆ ಉತ್ತರ ಕೊಡದೆ ಉಸಿರು ಎಳೆದು ಬಿಡಬೇಕು. ಅವರ ಮಾತನ್ನೇ ಅವರಿಗೆ ತಿರುಗಿ ಹೇಳಬೇಕು. ಮುಖದಲ್ಲಿ ಪ್ರೀತಿಯ ನಗು ಇರಬೇಕು.

ಹೆಂಡತಿ ಎಂಬ ಬಿಡಿಸಲಾಗದ ಲೆಕ್ಕಕ್ಕೆ ಇಷ್ಟು ಸುಲಭದ ಸೂತ್ರವಿದೆ ಅಂತ ನನಗೆ ಮೊದಲೇ ಯಾಕೆ ಯಾರೂ ಹೇಳಲಿಲ್ಲ?

"ನೋಡ್ರಿ, ಇನ್ನ ಮ್ಯಾಲ ಭಾವನಿಗೆ ಹೆಸರು ಇಡಬೇಕು," ಅಂತ ನಾನು ವಿವರಿಸತೊಡಗಿದೆ.

ನನ್ನ ತಾಯಿ ತಲೆಯೆತ್ತಿದಳು. "ಯಾವ ಭಾವನಿಗಲೇ ದಿಲ್ಯಾ? ಆಕಿಗಿರೋ ಭಾವ ಅಂದ್ರ ನಿಮ್ಮಣ್ಣ ಒಬ್ಬನ. ಅವಗ ತೊಟ್ಟಲದಾಗೇ ಹೆಸರು ಇಟ್ಟೇವಲ್ಲ!"

ಅನುರಾಧಾ ಸೆರಗು ಬಾಯಿಗಿಟ್ಟು ನಕ್ಕಳು. ನಗಲಿ! ಮಹಾಪುರುಷರನ್ನು ಮೊದಮೊದಲು ಎಲ್ಲರೂ ನಕ್ಕೇ ಬರಮಾಡಿಕೊಂಡಿದ್ದಾರೆ.

ಮರುದಿನ ಭಾನುವಾರ. ಬೆಳಿಗ್ಗೆ ನೀರಿನ ಮೋಟಾರ್ ಚಾಲು ಮಾಡಿ, ಪಕ್ಕದಲ್ಲೇ ಇದ್ದ ಕನ್ನಡಿಯ ಮುಂದೆ ಪ್ರೀತಿಯ ನಗುವಿನ ತಾಲೀಮು ಸುರು ಮಾಡಿದೆ. ಇಡೀ ಬಾಯಿ ನಕ್ಕರೆ ಅಣಕಿಸಿದ ಹಾಗೆ ಕಾಣುತ್ತಿತ್ತು. ಅರ್ಧ ನಕ್ಕರೆ ಸೌಮ್ಯವಾಗಿತ್ತು. ಸರಿ, ಅರ್ಧವೇ ಇರಲಿ ಅಂತ ನಿರ್ಧರಿಸಿದೆ. ಅಷ್ಟರಲ್ಲಿ ಮಾಳಿಗೆಯ ಮೇಲಿಂದ ಅನುರಾಧಾಳ ಕೂಗು ಬಂತು.

"ಏನ್ರೀ! ಟಾಕಿ ತುಂಬಿ ಹರಿಯಾಕತ್ತದ! ಬಾಜೂ ಮನಿ ಗೌಸಿಯಾಬೇಗಂ ಅವರು ಒಣಗಾಕ ಹಾಕಿದ ಮೆಣಸಿನಕಾಯಿ ಎಲ್ಲಾ ತೋದು ಹೋದ್ವು! ಮೋಟಾರ್ ಬಂದ್ ಮಾಡ್ರಿ!"

ಹಳೆಯ ದಿಲೀಪನಾಗಿದ್ದರೆ, "ನನಗೇನ್ ನಾಕ್ ಕೈ ಅವ ಏನು?" ಅಂತ ಚೀರುತ್ತಿದ್ದ. ಆದರೆ ಇವನು ಹೊಸ ದಿಲೀಪ! ಕಣ್ಣು ಮುಚ್ಚಿದೆ. ಉಸಿರು ಎಳೆದೆ. ಬಿಟ್ಟೆ.

"ಕೇಳಸ್ತೇನ್ರೀ?"

ಇನ್ನೊಮ್ಮೆ ಎಳೆದೆ. ಬಿಟ್ಟೆ. ಆಮೇಲೆ ಜೇನಿನಂಥ ದನಿಯಲ್ಲಿ ಅಂದೆ: "ಟಾಕಿ ತುಂಬಿ ಹರಿಯಾಕತ್ತದ ಅಂತ ನೀ ಹೇಳಾಕತ್ತಿ."

"ಹೌದು! ಬಂದ್ ಮಾಡ್ರಿ ಅಂದೆ!"

"ಬಂದ್ ಮಾಡ್ರಿ ಅಂತ ನೀ ಹೇಳಾಕತ್ತಿ."

ದಡದಡ ಮೆಟ್ಟಿಲಿಳಿದು ಬಂದು ತಾನೇ ಮೋಟಾರಿನ ಗುಂಡಿ ಒತ್ತಿದಳು. ಮುಖ ಕೆಂಡವಾಗಿತ್ತು. "ಮೋಟಾರ್ ಬಾಜೂಕೇ ನಿಂತೀರಲ್ರಿ! ಏನಾಗ್ಯಾದ ನಿಮಗ?"

ನಾನು ಅರ್ಧ ನಕ್ಕೆ.

ಅನುರಾಧಾಳ ಸಿಟ್ಟು ಅಲ್ಲೇ ಮಾಯ! ಕಣ್ಣು ಅಗಲವಾದವು. ಮನೀಷಾ ಮೇಡಂಗೆ ಮನದಲ್ಲೇ ಕೈ ಮುಗಿದೆ. ಹತ್ತಿರ ಬಂದವಳು ನನ್ನ ಗದ್ದ ಹಿಡಿದು ಮೃದುವಾಗಿ, "ಇನ್ನೊಮ್ಮಿ ನಗ್ರಿ," ಅಂದಳು. ಆಹಾ, ಲಗ್ನವಾದ ಹೊಸದರಲ್ಲೂ ಹೀಗೆ ಕೇಳಿದವಳಲ್ಲ! ಇನ್ನೊಮ್ಮೆ ಅರ್ಧ ನಕ್ಕೆ.

"ಎರಡೂ ಕೈ ಮ್ಯಾಲ ಎತ್ತರಿ."

ಲುಂಗಿ ಸಡಿಲವಾಗಿತ್ತು. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು ಇನ್ನೊಂದನ್ನು ಎತ್ತಿದೆ.

"ನಿಮ್ಮ ಹೆಸರೇನು ಹೇಳ್ರಿ?"

ತಟ್ಟನೆ ಉತ್ತರ ಕೊಡಬಾರದಲ್ಲ! ಉಸಿರು ಎಳೆಯುತ್ತ ನಿಂತೆ.

"ಅತ್ತೀ!" ಅಂತ ಅವಳು ಚೀರಿದ್ದಕ್ಕೆ ಮನೆ ನಡುಗಿತು. "ಇವರಿಗೆ ಲಕ್ವಾ ಹೊಡದದ!"

ನನ್ನ ತಾಯಿ ಎದ್ದುಬಿದ್ದು ಓಡಿ ಬಂದಳು. "ನನಗ ಮುಂಜಾನಿಂದ ಅನುಮಾನ ಇತ್ತು ಬೇ! ಚಾ ಕೊಟ್ರ, 'ನೀ ಚಾ ಮಾಡಿದ್ದು ಮನಸ್ಸಿಗಿ ಖುಷಿ ಆತವ್ವ' ಅಂದ. ನನ್ನ ಮಗ ನೆಟ್ಟಗಿದ್ದಾಗ ಎಂದಾರ ಹಿಂಗ ಮಾತಾಡ್ಯಾನೇನು?"

"ಲಕ್ವಾ ಅಲ್ಲ, ಮನಶ್ಶಾಸ್ತ್ರ!" ಅಂತ ಹೇಳಹೊರಟೆ. ಗಾಬರಿಗೆ ನಾಲಿಗೆ ತೊಡರಿ "ಮ... ಮಶ್... ಮಶ್ಶಾ..." ಅಂತಷ್ಟೇ ಹೊರಬಂತು. ತೋಯ್ದ ಮೆಣಸಿನಕಾಯಿಯ ಬುಟ್ಟಿ ಹಿಡಿದು ಜಗಳಕ್ಕೆಂದು ಬಂದಿದ್ದ ಗೌಸಿಯಾಬೇಗಂ ಅವರ ಯಜಮಾನ ರಾಜೇಸಾಬ, ಬಾಗಿಲಲ್ಲೇ ಇದನ್ನು ಕೇಳಿ ಬುಟ್ಟಿ ಕೆಳಗಿಟ್ಟರು.

"ಘಾಬರಿ ಆಗಬ್ಯಾಡ್ರಿ ಮೇಡಂ! ಗಾಡಿ ತೆಗೀತೇನಿ!"

ತಲೆಯ ಸ್ಕ್ಯಾನ್ ಕಲಬುರ್ಗಿಯಲ್ಲೇ ಆಗಬೇಕೆಂದು, ಲುಂಗಿಯಲ್ಲೇ ನನ್ನನ್ನು ಕಾರಿನೊಳಗೆ ತುರುಕಿದರು. ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ರಾಜೇಸಾಬರು ಗಾಡಿ ತೂರಿಸಿದ ಪರಿಗೆ, ಇಲ್ಲದ ಲಕ್ವಾ ದಾರಿಯಲ್ಲೇ ಹೊಡೆಯುವ ಲಕ್ಷಣವಿತ್ತು!

"ಅನು, ನನಗ ಏನೂ ಆಗಿಲ್ಲ," ಅಂದೆ, ಈ ಸಲ ಸ್ಪಷ್ಟವಾಗಿ.

"ಮಾತಾಡಬ್ಯಾಡ್ರಿ." ಅವಳು ನನ್ನ ಕೈ ಬಿಗಿಯಾಗಿ ಹಿಡಿದಿದ್ದಳು. "ನಮ್ಮಪ್ಪನೂ ಹಿಂಗೇ ಅಂದಿದ್ದ. ಗೊಬ್ಬೂರದಿಂದ ಫೋನ್ ಮಾಡಿ, 'ಕೈ ಜೋಮು ಹಿಡದದವ್ವ, ಏನೂ ಆಗಿಲ್ಲ,' ಅಂದ. ನಾ ನರ್ಸ್ ಇದ್ದೂ, 'ಮಲಕೋಪಾ, ಕಡಿಮಿ ಆಗ್ತದ,' ಅಂದೆ. ಈಗ ನೋಡ್ರಿ, ಕಾಲು ಎಳಕೋತ ತಿರಗ್ತಾನ."

ಭೀಮಾ ನದಿಯ ಸೇತುವೆ ಬರುವ ಹೊತ್ತಿಗೆ ಅವಳು ಅಳುತ್ತಿದ್ದಳು. ನಾನು ಹುಡುಕುತ್ತಿದ್ದ ಭಾವನೆ ಈಗ ಎದುರಿಗೇ ಕೂತಿತ್ತು. ಹೆಸರಿಡುವ ಧೈರ್ಯ ನನಗಾಗಲಿಲ್ಲ. ಸುಮ್ಮನೆ ಅವಳ ಕೈ ಹಿಡಿದು ಕೂತೆ.

ಕಲಬುರ್ಗಿಯ ದವಾಖಾನೆಯಲ್ಲಿ ತಲೆಯ ಸ್ಕ್ಯಾನ್ ಆಯಿತು. ಡಾಕ್ಟರ್ ಸಂತೋಷಕುಮಾರ ಚಿತ್ರವನ್ನು ಬೆಳಕಿಗೆ ಹಿಡಿದು, "ಮೆದುಳು ಸ್ವಚ್ಛ ಅದ," ಅಂದರು.

"ಸ್ವಚ್ಛ ಅಂದ್ರ ಖಾಲಿ ಏನ್ರಿ ಡಾಕ್ಟರ?" ಅನುರಾಧಾ ಗಾಬರಿಯಿಂದ ಕೇಳಿದಳು.

"ಹಂಗಲ್ಲ ಸಿಸ್ಟರ್, ಲಕ್ವಾ ಇಲ್ಲ."

"ಮತ್ತ ಬಾಯಿ ಯಾಕ ಸೊಟ್ಟ ಆಗಿತ್ತು?"

ಎಲ್ಲರೂ ನನ್ನತ್ತ ನೋಡಿದರು. ಭೂಮಿ ಬಾಯಿ ಬಿಡಲಿ ಅಂದುಕೊಂಡೆ. ಬಿಡಲಿಲ್ಲ.

"ಅದು... ಪ್ರೀತಿಯ ನಗಿ ಇತ್ತು," ಅಂದೆ.

ಡಾಕ್ಟರ್ ಕೆಮ್ಮುವ ನೆವದಲ್ಲಿ ಗೋಡೆಯತ್ತ ತಿರುಗಿದರು. ತರಬೇತಿಯ ಕಥೆಯನ್ನೆಲ್ಲ ನಾನು ಒಪ್ಪಿಸುತ್ತಿರುವಾಗಲೇ ಬಾಗಿಲಲ್ಲಿ ಕೋಲಿನ ಸಪ್ಪಳವಾಯಿತು. ನನ್ನ ಮಾವ ದತ್ತಪ್ಪ! ಮಗಳ ಫೋನ್ ಬಂದದ್ದೇ ತಡ, ಗೊಬ್ಬೂರದಿಂದ ಟಂಟಂ ಆಟೋ ಹಿಡಿದು, ಕಾಲೆಳೆಯುತ್ತ ಬಂದಿದ್ದರು. ನನಗೇನೂ ಆಗಿಲ್ಲವೆಂದು ತಿಳಿದು ಬೆಂಚಿನ ಮೇಲೆ ಕುಸಿದು, ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು. ನಡೆದದ್ದೇನೆಂದು ಕೇಳಿದ ಮೇಲೆ, ಕೋಲು ಕೈಜಾರಿ ಬೀಳುವ ಹಾಗೆ ನಕ್ಕರು.

"ನನ್ನ ಮಗಳ ಸಿಟ್ಟಿನ ಕೆಳಗ ಏನದ ಅಂತ ಹುಡುಕಿದ್ರೇನು ಅಳಿಯಂದ್ರ? ಆಕಿ ಹುಟ್ಟಿದಾಗಿಂದ ನೋಡಾಕತ್ತೇನಿ. ಕೆಳಗೂ ಸಿಟ್ಟೇ ಅದ!"

ಅಲ್ಲಿಗೆ ಅನುರಾಧಾಳ ಕಟ್ಟೆ ಒಡೆಯಿತು. ಲುಂಗಿ ಉಟ್ಟು ಗೋಡೆಗೆ ಒತ್ತಿ ನಿಂತ ನನ್ನ ಮೇಲೆ ಸುರಿಮಳೆ! ಪಕ್ಕದ ವಾರ್ಡಿನವರೂ ಬಂದು ನೋಡಿದರು. ನಾನು ಉಸಿರು ಎಳೆಯಲೂ ಇಲ್ಲ, ಬಿಡಲೂ ಇಲ್ಲ.

ಕಡೆಗೆ ಡಾಕ್ಟರೇ ನಡುವೆ ಬಂದರು. "ಸಿಸ್ಟರ್, ಒಂದು ಮಾತು. ಸರ್‌ಗೆ ಲಕ್ವಾ ಇಲ್ಲ ಖರೆ, ಆದರ ಬಿಪಿ ಮಾತ್ರ ಏರ್ಯಾದ. ಸಿಟ್ಟು ಒಳಗೇ ಹಿಡಿದು ಇಟ್ಕೋತಾರೇನು? ಗುಳಿಗಿ ಬರದು ಕೊಡ್ತೇನಿ. ಊಟದಾಗ ಉಪ್ಪು ಬಂದ್ ಮಾಡ್ರಿ."

ಅನುರಾಧಾ ತಟ್ಟನೆ ಗುಳಿಗೆಯ ಚೀಟಿಗೆ ಕೈ ಚಾಚಿದಳು. ನರ್ಸಿನ ಮುಖ ಮರಳಿ ಬಂತು. ಆ ಮುಖ ನನಗೆ ಬೈಗುಳಕ್ಕಿಂತ ಭಯಂಕರವಾಗಿ ಕಂಡಿತು.

ಸೋಮವಾರ ಮಧ್ಯಾಹ್ನ ಕಾಲೇಜಿನಿಂದ ಊಟಕ್ಕೆ ಬಂದೆ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಬ್ಯಾಳಿ. ಘಮಘಮ ವಾಸನೆ! ಒಂದು ತುತ್ತು ಬಾಯಿಗಿಟ್ಟೆ. ಇನ್ನೊಂದು ತುತ್ತು ಒಳಗಿಳಿಯಲಿಲ್ಲ. ತಾಟಿನ ಮುಂದೆ ತಲೆ ತಗ್ಗಿಸಿ ಕೂತೆ.

"ಅನು," ಅಂದೆ, ಮನಸ್ಸು ಬಿಚ್ಚಿ. "ಯಾಕೋ ಒಳಗ ಎಲ್ಲಾ ಖಾಲಿ ಖಾಲಿ ಅನಸಾಕತ್ತದ. ಬಾಳಿನ್ಯಾಗ ಏನೋ ಒಂದು ಕಡಿಮಿ ಆದಂಗ... ಇದು ದುಃಖ ಇರಬೇಕು ನೋಡು."

ಅವಳು ತನ್ನ ರೊಟ್ಟಿ ಮುರಿಯುವುದನ್ನು ನಿಲ್ಲಿಸಲೂ ಇಲ್ಲ.

"ದುಃಖ ಅಲ್ರಿ, ಅದು ಉಪ್ಪು!"