ಯಂತ್ರ ಕಟ್ಟಿದ ಒಡಪು

ಒಡಪು ಕಟ್ಟುವುದು ಯಾವ ಮಹಾ ಕೆಲಸ? ಎರಡು ಸಾಲು, ಒಂದು ಪ್ರಾಸ, ಅದರಲ್ಲಿ ಹೆಂಡತಿಯ ಹೆಸರು. ಕೃತಕ ಬುದ್ಧಿಮತ್ತೆ ಧಾರಾಳವಾಗಿ ಸಾಕೆಂದು ನಾನು ಘನವಾಗಿ ನಿರ್ಧರಿಸಿದೆ.

ನೆನಪು ನಂಬಲರ್ಹ ಸಾಕ್ಷಿಯಲ್ಲ ಎಂದು ವಿಶ್ವವಿದ್ಯಾಲಯದಲ್ಲಿ ಪ್ರಬಂಧ ಬರೆದವನು ನಾನು. ಪುರಾವೆಯೂ ನಾನೇ! ಮದುವೆಯ ದಿನ ಹೊಸ್ತಿಲಲ್ಲಿ ಒಡಪು ಮರೆತು ಬೆವರುತ್ತ ನಿಂತಿದ್ದೆ. ಅಂದಿನಿಂದ ತವರಿನವರು ನನ್ನ ಹೆಂಡತಿ ಮಹಾದೇವಿಯನ್ನು ಕಾಡುತ್ತಲೇ ಇದ್ದಾರೆ.

ಮೊನ್ನೆ ಖಾನಾಪುರದ ತವರಿನಲ್ಲಿ ಅವಳ ಬಸುರಿ ತಂಗಿಯ ಕುಬಸ. "ಇವತ್ತರ ನನ್ನ ಮರ್ಯಾದಿ ಉಳಸ್ರಿ," ಎಂದಳು. ಬೆಳಗಾವಿಯಿಂದ ಹೊರಟ ಬಸ್ಸಿನಲ್ಲಿ ಅವಳು ಟಿಕೆಟಿನ ಹಿಂದೆ ಪೆನ್ಸಿಲಿನಿಂದ ಬರೆಯುತ್ತಿದ್ದಳು, ಹೊಡೆದುಹಾಕುತ್ತಿದ್ದಳು, ಮತ್ತೆ ಬರೆಯುತ್ತಿದ್ದಳು. ನಾನು "ಹೆಂಡತಿಯ ಹೆಸರಿಟ್ಟು ಒಡಪು ಬರೆದುಕೊಡು" ಎಂದು ಮೊಬೈಲಿಗೆ ಅಪ್ಪಣೆ ಕೊಟ್ಟೆ. ಮೂರೇ ಸೆಕೆಂಡು!

"ಓದಿ ನೋಡಿದ್ರೇನು?"

"ಯಂತ್ರ ಮರಿಯೂದಿಲ್ಲ, ಮಾದೇವಿ," ಎಂದು ನಿದ್ದೆಹೋದೆ.

ತವರುಮನೆ ತಲುಪಿದಾಗ ಅವಳ ಚಿಕ್ಕಮ್ಮ, ಅಂದರೆ ಚಿಗವ್ವ, ಒಡಪು ಹೇಳದೆ ಒಳಗೆ ಬಿಡುವುದಿಲ್ಲವೆಂದು ಬಾಗಿಲಿಗೆ ಕೈ ಅಡ್ಡ ಹಿಡಿದಿದ್ದರು. ಹಿಂದೆ ಇಡೀ ಬಳಗ. ನಾನು ಮೊಬೈಲ್ ತೆಗೆದು ಗಂಭೀರವಾಗಿ ಓದಿದೆ:

"ಹುಣ್ಣಿಮೆ ಚಂದ್ರನ ತಂಪಾದ ರಶ್ಮಿ,
ನನ್ನ ಬಾಳಿನ ಬೆಳಕು ಶ್ರೀಮತಿ ಲಕ್ಷ್ಮಿ!"

"ಅಳಿಯಂದ್ರ," ಎಂದರು ಚಿಗವ್ವ, "ಈ ಲಕ್ಷ್ಮಿ ಯಾರ್ರಿ?"

ಹೆಸರನ್ನು ನಾನು ಯಂತ್ರಕ್ಕೆ ಹೇಳಿಯೇ ಇರಲಿಲ್ಲ! ಅದು ತನಗೆ ತೋಚಿದವಳನ್ನು ಕೂರಿಸಿತ್ತು. ಆದರೆ ಅದರ ಆತ್ಮವಿಶ್ವಾಸ ನೋಡಿ ಒಂದು ಕ್ಷಣ ನನಗೇ ಅನುಮಾನ ಬಂತು: ನಾನು ಮದುವೆಯಾದದ್ದು ಲಕ್ಷ್ಮಿಯನ್ನೋ?

ಮಹಾದೇವಿಯ ಮುಖ ಕೆಂಪಾಯಿತು. ಆದರೂ ಮುಂದೆ ಬಂದು ಹೇಳಿದಳು:

"ಕಾಯಿಪಲ್ಲೆ ಚೀಲ ಅಂಗಡ್ಯಾಗ ಬಿಟ್ಟು ಬರಿಗೈಲೆ ಬಂದರು,
ಜ್ವರದಾಗ ನನ್ನ ಬಾಜು ಬಿಟ್ಟು ಏಳಲಿಲ್ಲ ಶಿವಾನಂದರು."

ಶಿವಾನಂದ ಎಂದರೆ ನಾನೇ. ಆ ಜ್ವರವನ್ನು ನಾನು ಪೂರ್ತಿ ಮರೆತಿದ್ದೆ. ಈಗ ಒದ್ದೆ ಬಟ್ಟೆ, ಅವಳ ಸುಡುವ ಹಣೆ, ಎಲ್ಲ ಕಣ್ಣೆದುರು. ಕಳೆದುಹೋಗಿದ್ದ ನನ್ನನ್ನೇ ಮೊಂಡು ಪೆನ್ಸಿಲೊಂದು ಹುಡುಕಿ ತಂದಿತ್ತು! ಜಗತ್ತಿನ ಗ್ರಂಥಗಳನ್ನೆಲ್ಲ ಓದಿದ ಯಂತ್ರ ಅಂದು ಆ ಹಾಸಿಗೆಯ ಬಾಜು ಇರಲಿಲ್ಲವಲ್ಲ. ಚಿಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಹಂಗ ಬರೀರಿ ನೀವೂ," ಎಂದು ಚಿಗವ್ವ ನನ್ನ ಕೈಗೆ ಪೆನ್ಸಿಲು, ಕಾಗದ ಕೊಟ್ಟು ಕಟ್ಟೆಯ ಮೇಲೆ ಕೂರಿಸಿದರು.

ಅರ್ಧ ತಾಸು ಒದ್ದಾಡಿದೆ. ಒಂದು ಸಾಲಿನ ಕೊನೆಗೆ 'ಬೆಳಗಾವಿ', ಇನ್ನೊಂದರ ಕೊನೆಗೆ 'ಮಹಾದೇವಿ'. ಉಳಿದದ್ದೆಲ್ಲ ಬರೀ ಖಾಲಿ.

ಚಿಗವ್ವ ಕಾಗದ ಇಸಿದುಕೊಂಡು, ತಿರುಗಿಸಿ ಮುರುಗಿಸಿ ನೋಡಿದರು.

"ಇರ್ಲಿ ಬಿಡ್ರಿ, ಹೆಸರರ ಬರೋಬ್ಬರಿ ಐತಿ. ಬರ್ರಿ ಒಳಗ, ಊಟ ಆರತೈತಿ!"