ಗಾಜಿನಾಚೆಯೇ ನಿಂತುಬಿಟ್ಟ ಅತಿನೇರಳೆ ಕಿರಣದವರಿಗೆ

ಶ್ರೀಮಾನ್ ಅತಿನೇರಳೆ ಕಿರಣದವರ ಸನ್ನಿಧಿಗೆ,
ಕಾಮನಬಿಲ್ಲಿನಲ್ಲಿ ನೇರಳೆ ಬಣ್ಣ ಮುಗಿದ ಕೂಡಲೇ ಸಿಗುವ ಮೊದಲ ತಿರುವು,
ಸೂರ್ಯಮಂಡಲ.

ವಿಷಯ: ಒಂದೇ ಮನೆಯ ಬೆಕ್ಕಿಗೆ ತಾವು ಮಿತಿಮೀರಿಯೂ ಆಮೆಗೆ ಲವಲೇಶವಿಲ್ಲದೆಯೂ ಒದಗಿದ ಬಗ್ಗೆ.

ಮಾನ್ಯರೇ,

ಹದಿನೈದು ಕೋಟಿ ಕಿಲೋಮೀಟರ್ ದಾರಿಯನ್ನು ಎಂಟು ನಿಮಿಷ ಚಿಲ್ಲರೆಯಲ್ಲಿ ಮುಗಿಸಿ, ನಡುವೆ ಎಲ್ಲೂ ಕೂತು ಒಂದು ಲೋಟ ನೀರು ಕುಡಿಯದೆ, ಭಾನುವಾರ ಸೋಮವಾರ ಎನ್ನದೆ ನಮ್ಮ ಬೀದಿಗೆ ಬಂದು ಹಾಜರಿ ಹಾಕುವ ತಮ್ಮ ಕರ್ತವ್ಯನಿಷ್ಠೆಗೆ ಮೊದಲು ತಲೆಬಾಗಿ ನಮಸ್ಕರಿಸುತ್ತೇನೆ. ತಲೆಬಾಗುವಾಗ ಟೋಪಿ ತೆಗೆಯಲಿಲ್ಲವೆಂದು ಬೇಸರಿಸಬಾರದು. ಬೋಳುತಲೆಯ ಮೇಲೆ ತಾವು ತೋರುವ ವಿಶೇಷ ಪ್ರೀತಿಯ ಅನುಭವ ನನಗೆ ಹಿಂದೆಯೇ ಆಗಿದೆ.

ನಾನು ಗಾಜಿನಂಗಡಿಯವನು. ಈ ಸುತ್ತಿನ ಅರ್ಧ ಕಿಟಕಿಗಳಲ್ಲಿ ಕೂತಿರುವುದು ನಾನು ಅಳೆದು ಕತ್ತರಿಸಿದ ಗಾಜು. ನನ್ನ ಗಾಜು ಎಷ್ಟು ತಿಳಿಯೆಂದರೆ, ಎದುರಿನ ಔಷಧಿ ಅಂಗಡಿಯವರು ತಮ್ಮದೇ ಬಾಗಿಲು ಮುಚ್ಚಿದೆಯೆಂದು ತಿಳಿಯದೆ ಎರಡು ಸಲ ಹಣೆ ಊದಿಸಿಕೊಂಡು, ಆಮೇಲೆ ಅದರ ಮೇಲೊಂದು ಸ್ಟಿಕ್ಕರ್ ಅಂಟಿಸಿಕೊಂಡರು. ಇದಕ್ಕಿಂತ ದೊಡ್ಡ ಪ್ರಶಸ್ತಿ ನಮ್ಮ ಕಸುಬಿನಲ್ಲಿ ಇಲ್ಲ. ಮನೆಯಲ್ಲಿ ನಾನು, ನನ್ನ ಹೆಂಡತಿ, ಅವಳ ತಾಯಿ ಅಂದರೆ ನಮ್ಮ ಅತ್ತೆ, ಒಂದು ಬಿಳಿ ಬೆಕ್ಕು ಮತ್ತು ಒಂದು ಆಮೆ ಇದ್ದೇವೆ. ಬೆಕ್ಕನ್ನು ಅದರ ಬಣ್ಣಕ್ಕೂ ಗತ್ತಿಗೂ ತಕ್ಕಂತೆ ದೊರೆಸಾನಿ ಎನ್ನುತ್ತೇವೆ. ಆಮೆ ಕತ್ತು ಮುಂದೆ ಚಾಚಿ, ಯಾರ ಮೇಲೂ ನಂಬಿಕೆಯಿಲ್ಲದವರಂತೆ ಕೋಣೆಯಿಂದ ಕೋಣೆಗೆ ತಪಾಸಣೆ ನಡೆಸುವುದರಿಂದ ಅದು ಹೆಡ್‌ಮಾಸ್ಟರು. ತಮ್ಮ ಮದುವೆಯಾದ ಮೊದಲ ವರ್ಷ ನಮ್ಮ ಮಾವನವರು ಅಂಗೈಯಗಲದ ಈ ಜೀವವನ್ನು ಅತ್ತೆಗೆ ತಂದುಕೊಟ್ಟರಂತೆ. ಮಾವನವರು ತೀರಿಕೊಂಡು ಆರು ವರ್ಷವಾಯಿತು. ಅತ್ತೆ ಬೆಳಗಿನ ಸುದ್ದಿಯನ್ನು ಈಗಲೂ ಮೊದಲು ಹೇಳುವುದು ಹೆಡ್‌ಮಾಸ್ಟರಿಗೇ.

ಅತ್ತೆ ಅಂಗಳವಿದ್ದ ತಮ್ಮ ಮನೆ ಬಿಟ್ಟು ಆಮೆಯ ಸಮೇತ ನಮ್ಮ ಮೂರನೆಯ ಮಹಡಿಗೆ ಬಂದಾಗ, ಅಂಗಳವಿಲ್ಲದಿದ್ದರೇನಂತೆ, ಬಿಸಿಲನ್ನೇ ಮನೆಯೊಳಗೆ ಕರೆಸುತ್ತೇನೆಂದು ನಾನು ಎದೆತಟ್ಟಿ ಹೇಳಿದೆ. ಪೂರ್ವದ ಗೋಡೆ ಒಡೆಸಿ, ನೆಲದಿಂದ ಆಳೆತ್ತರಕ್ಕೆ ಒಂದೇ ಹಾಳೆಯ ಗಾಜು ಕೂರಿಸಿದೆ. ನನ್ನ ಜೀವಮಾನದಲ್ಲಿ ಅಂಥ ಗಾಜು ಕೂರಿಸಿರಲಿಲ್ಲ. ಬಿಸಿಲು ಬಂದು ನೆಲದ ಮೇಲೆ ಹಾಸಿಗೆಯಂತೆ ಬಿತ್ತು. ಹೆಡ್‌ಮಾಸ್ಟರು ಅದರ ನಡುವೆ ಹೋಗಿ, ಕಾಲು ಚಾಚಿ, ಕಣ್ಣು ಮುಚ್ಚಿ ಹದಿನಾಲ್ಕು ತಿಂಗಳು ಕೂತರು.

ಹದಿನೈದನೆಯ ತಿಂಗಳಲ್ಲಿ ಅವರ ಹಿಂಗಾಲು ಎಳೆಯತೊಡಗಿತು. ಸೊಪ್ಪು ಮುಂದಿಟ್ಟರೆ ದವಡೆ ಹಿಡಿಯಲಿಲ್ಲ. ಹೆಬ್ಬೆರಳಿನಿಂದ ಒತ್ತಿದರೆ ಚಿಪ್ಪು ಹಳೆಯ ಚಪ್ಪಲಿಯ ಅಟ್ಟೆಯಂತೆ ತಗ್ಗಿತು. ಪಶುವೈದ್ಯೆ ಎಕ್ಸ್‌ರೇ ತೆಗೆದು, ಇದ್ದೂ ಇಲ್ಲದಂತೆ ಕಾಣುವ ಎಲುಬುಗಳನ್ನು ಬೆಳಕಿಗೆ ಹಿಡಿದು ತೋರಿಸಿ, ಬಿಸಿಲಿಗೆ ಎಲ್ಲಿ ಬಿಡುತ್ತೀರಿ ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ಗಾಜಿನ ಅಳತೆ, ದಪ್ಪ ಎಲ್ಲ ವಿವರಿಸಿದೆ. ಆಕೆ ಪೆನ್ನು ಕೆಳಗಿಟ್ಟು, “ಅಂದ್ರೆ ಇದು ಹದಿನಾಲ್ಕು ತಿಂಗಳಿಂದ ಬಿಸಿಲಿನ ಫೋಟೋ ನೋಡ್ಕೊಂಡು ಕೂತಿದೆ” ಎಂದರು.

ತಾವು ಖುದ್ದಾಗಿ ಚರ್ಮ ಮುಟ್ಟಿದರೆ ಮಾತ್ರ ಡಿ ಜೀವಸತ್ವ ಆಗುವುದೆಂದೂ, ಅದಾದರೆ ಮಾತ್ರ ತಿಂದ ಕ್ಯಾಲ್ಸಿಯಂ ಎಲುಬಿಗೂ ಚಿಪ್ಪಿಗೂ ಸೇರುವುದೆಂದೂ, ತಮಗೆ ಕಿಟಕಿಯ ಗಾಜು ದಾಟಲು ಬರುವುದಿಲ್ಲವೆಂದೂ ನನಗೆ ಅಂದು ತಿಳಿಯಿತು. ತಮ್ಮ ವಂಶದಲ್ಲಿ ಅಲೆಯುದ್ದ ಹೆಚ್ಚಿರುವ ಹಿರಿಯರೊಬ್ಬರು ಗಾಜು ದಾಟುತ್ತಾರಂತೆ, ಅವರಿಗೆ ಈ ಕೆಲಸ ಬರುವುದಿಲ್ಲ. ಕೆಲಸ ಬರುವ ಕಿರಿಯರಿಗೆ ಗಾಜು ದಾಟಲು ಬರುವುದಿಲ್ಲ. ಇಂಥ ಮನೆತನಗಳು ನಮ್ಮ ಬೀದಿಯಲ್ಲೂ ಇವೆ, ಆದ್ದರಿಂದ ದೂರುವುದಿಲ್ಲ. ಆದರೂ ಬೆಳಕು ಒಳಗೆ ಬಂತು, ಸೆಕೆ ಬಂತು, ಕೆಳಗಿನ ಗ್ಯಾರೇಜಿನ ಗಲಾಟೆ ಬಂತು. ತಾವೊಬ್ಬರು ಮಾತ್ರ ಕರೆಯದ ಮನೆಗೆ ಹೋಗಬಾರದೆಂಬ ಸಂಕೋಚದಿಂದ ಹೊಸ್ತಿಲಾಚೆ ನಿಂತಿರಲ್ಲ, ಬಣ್ಣವಿಲ್ಲದ ತಮ್ಮ ಗೈರುಹಾಜರಿಯನ್ನು ನಾವು ಗುರುತಿಸುವುದು ಹೇಗೆ? ಜೇನುಹುಳಕ್ಕೆ ತಾವು ಕಾಣಿಸುತ್ತೀರಂತೆ, ಹೂವಿನ ದಳದ ಮೇಲೆ ಅದಕ್ಕೆಂದೇ ದಾರಿ ಬರೆದು ತೋರಿಸುತ್ತೀರಂತೆ. ಗಾಜಿನಂಗಡಿಯವನಿಗೆ ಒಂದು ಸಣ್ಣ ಬಾಣದ ಗುರುತಾದರೂ ಹಾಕಬಹುದಿತ್ತು.

ಇದೇ ಮನೆಯ ಇನ್ನೊಂದು ಪ್ರಾಣಿಯ ವಿಷಯದಲ್ಲಿ ತಮ್ಮ ಸಂಕೋಚ ಎಲ್ಲಿ ಹೋಗಿತ್ತು? ದೊರೆಸಾನಿಗೆ ಅಡುಗೆಮನೆಯ ಕಿಟಕಿಯಾಚೆಯ ತಗಡಿನ ಮೇಲೆ ಮಧ್ಯಾಹ್ನ ಮಲಗುವ ಅಭ್ಯಾಸ. ಬಿಳಿ ಬೆಕ್ಕು, ಗುಲಾಬಿ ಕಿವಿ, ಕಿವಿಯ ಅಂಚಿನಲ್ಲಿ ಕೂದಲು ನಾಮಕಾವಸ್ತೆ. ತಾವು ಅಲ್ಲಿಯೇ ಬಿಡಾರ ಹೂಡಿದಿರಿ. ಎಡಗಿವಿಯ ತುದಿ ಮೊದಲು ಕೆಂಪಾಯಿತು, ಆಮೇಲೆ ಹಕ್ಕಳೆ ಕಟ್ಟಿತು. ನನ್ನ ಹೆಂಡತಿ ತಾನು ಹಚ್ಚಿಕೊಳ್ಳುವ ಬಿಸಿಲಿನ ಕ್ರೀಮನ್ನೇ ಅದಕ್ಕೂ ಹಚ್ಚಹೊರಟಾಗ ಪಶುವೈದ್ಯೆ ಫೋನಿನಲ್ಲೇ ತಡೆದು, “ಬೆಕ್ಕು ಮೈ ನೆಕ್ಕತ್ತೆ ಕಣಮ್ಮ, ನಿಮ್ಮ ಕ್ರೀಮು ಅದಕ್ಕೆ ವಿಷ” ಎಂದು ಬೈದರು. ಕೊನೆಗೆ ಕಿವಿಯ ತುದಿಯನ್ನು ಉಗುರಿನಷ್ಟು ಕತ್ತರಿಸಬೇಕಾಯಿತು. ಇನ್ನೂ ತಡಮಾಡಿದ್ದರೆ ಕ್ಯಾನ್ಸರಾಗಿ ಬೇರೂರುತ್ತಿತ್ತಂತೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎನ್ನುವುದನ್ನು ಕೇಳಿದ್ದೆ. ಬೆಣ್ಣೆ ಹಚ್ಚಿದ ಕಡೆಯೂ ಉರಿಯುವಂತೆ ಹಚ್ಚುವವರನ್ನು ನೋಡಿದ್ದು ಇದೇ ಮೊದಲು.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳದೆ ಹೋದರೆ ಪತ್ರ ಪೂರ್ತಿಯಾಗದು. ತಮ್ಮನ್ನೇ ಉತ್ಪಾದಿಸುವ ದೀಪವೊಂದು ಸಿಗುತ್ತದೆಂದು ವೈದ್ಯೆ ಹೇಳಿದ್ದರಿಂದ ಅದನ್ನು ತಂದು, ಹೆಡ್‌ಮಾಸ್ಟರು ಮಲಗುವ ಪೆಟ್ಟಿಗೆಯ ಮೇಲೆ ಹೇಳಿದಷ್ಟೇ ಎತ್ತರದಲ್ಲಿ ಕಟ್ಟಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಕಸುಬಿನ ಕೈ ಸುಮ್ಮನಿರುತ್ತದೆಯೇ? ದೀಪಕ್ಕೆ ಧೂಳು ಕೂರಬಾರದೆಂದು, ಅಂಚು ಉಜ್ಜಿ ನಯ ಮಾಡಿದ ಚೊಕ್ಕ ಗಾಜಿನ ಮುಚ್ಚಳವೊಂದನ್ನು ಅದರ ಕೆಳಗೆ ಕೂರಿಸಿದೆ. ಮೂರು ವಾರ ಹೆಡ್‌ಮಾಸ್ಟರು ಎರಡನೆಯ ಫೋಟೋ ನೋಡಿದರು. ವೈದ್ಯೆಯ ಎದುರು ಇದು ಬಯಲಾದ ದಿನ ಅತ್ತೆ ನನಗಿಂತ ಮುಂದೆ ಮನೆಯ ಕಡೆ ನಡೆದರು. ಮೆಟ್ಟಿಲ ಮೇಲೆ ಆಮೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತು, “ಅಳಿಯಂದ್ರೇ, ನಿಮ್ಮ ಗಾಜಲ್ಲಿ ಎಲ್ಲಾ ಕಾಣ್ಸುತ್ತೆ, ಏನೂ ಬರಲ್ಲ” ಎಂದರು. ಅದೇ ಕೊನೆ. ಆಮೇಲೆ ನನಗೆ ಹೇಳಬೇಕಾದುದನ್ನೆಲ್ಲ ಅವರು ಮಗಳ ಮೂಲಕ, ಮಗಳಿಲ್ಲದಾಗ ದೊರೆಸಾನಿಯ ಮೂಲಕ ಹೇಳಿದರು. ಹೆಡ್‌ಮಾಸ್ಟರಿಗೆ ಹೇಳುವ ಬೆಳಗಿನ ಸುದ್ದಿಯೂ ನಿಂತಿತು. ಪೆಟ್ಟಿಗೆಯ ಪಕ್ಕ ಕೂತು ಸೊಪ್ಪು ಚಿವುಟಿ ಹಾಕುತ್ತಿದ್ದರು.

ಮರುದಿನ ಮುಚ್ಚಳ ತೆಗೆದೆ. ಆಳೆತ್ತರದ ಆ ಗಾಜನ್ನೂ ನನ್ನ ಕೈಯಾರೆ ಬಿಚ್ಚಿ, ಬರಿಯ ಚೌಕಟ್ಟಿಗೆ ಸರಳು ಹಾಕಿ, ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ತಮಗೆ ಮುಕ್ತಪ್ರವೇಶ ಕೊಟ್ಟೆ. ಗಾಜಿನಂಗಡಿಯವನ ಮನೆಯ ಕಿಟಕಿಗೆ ಗಾಜಿಲ್ಲವೆಂದರೆ ಬೀದಿ ಸುಮ್ಮನಿರುತ್ತದೆಯೇ? ಔಷಧಿ ಅಂಗಡಿಯವರು ಕೆಳಗೆ ನಿಂತು, “ಏನ್ ತಿಳಿ ಗಾಜು ಸಾರ್ ಇದು, ಇರೋದೇ ಗೊತ್ತಾಗಲ್ಲ” ಎಂದು ಹಣೆಯ ಹಳೆಯ ಬಾಕಿ ತೀರಿಸಿಕೊಂಡರು. ಬಿಚ್ಚಿದ ಗಾಜು ವ್ಯರ್ಥವಾಗಬಾರದೆಂದು ಅದರಲ್ಲೊಂದು ತುಂಡು ಕತ್ತರಿಸಿ ತಗಡಿನ ಮೇಲೆ ದೊರೆಸಾನಿಗೆ ಸೂರು ಕಟ್ಟಿಕೊಟ್ಟೆ. ಆಮೆಯನ್ನು ಕೆಡಿಸಿದ ಗುಣವೇ ಬೆಕ್ಕನ್ನು ಕಾಯಲೆಂದು. ಮೂರು ದಿನ ಅವಳು ಗಾಜಿನ ಮೇಲೆಯೇ ಮಲಗಿದಳು. ನಾಲ್ಕನೆಯ ದಿನ ಅದನ್ನು ಇಳಿಜಾರು ಮಾಡಿದೆ; ಜಾರಿದ್ದನ್ನು ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡು ಕೆಳಗೆ ಸೇರಿದಳು.

ಇನ್ನು ನನ್ನ ವಿನಂತಿಗಳು. ತಾವು ಮುಂದೆ ಬರುವಾಗ ಕೊರಳಿಗೊಂದು ಗಂಟೆ ಕಟ್ಟಿಕೊಂಡು ಬರಬೇಕು, ಬಂದಿರೋ ಇಲ್ಲವೋ ಎಂಬುದು ನಮಗೂ ತಿಳಿಯಲಿ. ಮುಟ್ಟುವ ಮೊದಲು ಇದು ಬೆಕ್ಕೋ ಆಮೆಯೋ, ಬಿಳಿಯೋ ಕರಿಯೋ ಎಂದು ವಿಚಾರಿಸುವ ಸೌಜನ್ಯ ತೋರಬೇಕು. ಮಧ್ಯಾಹ್ನ ಹನ್ನೊಂದರಿಂದ ಮೂರರವರೆಗೆ ತಾವು ಊಟಕ್ಕೆ ಹೋಗಬೇಕು. ಅಷ್ಟು ದುಡಿಮೆ ಯಾರ ಆರೋಗ್ಯಕ್ಕೂ ಒಳ್ಳೆಯದಲ್ಲ, ವಿಶೇಷವಾಗಿ ಬೇರೆಯವರದಕ್ಕೆ. ಮೋಡ ಕವಿದ ದಿನ ಇಲ್ಲವೆಂಬಂತೆ ನಟಿಸಿ ಹಿಂಬಾಗಿಲಿಂದ ಬರುವುದನ್ನು ಬಿಡಬೇಕು. ಹಂದಿಗಳು ಮೈಗೆ ಕೆಸರು ಬಳಿದುಕೊಂಡು ತಮ್ಮಿಂದ ಪಾರಾಗುತ್ತವೆಂದು ವೈದ್ಯೆ ಹೇಳಿದಾಗಿನಿಂದ ನನ್ನ ಹೆಂಡತಿ ನನ್ನ ಬೋಳುತಲೆಯನ್ನೂ ಹೂಕುಂಡದ ಮಣ್ಣನ್ನೂ ಒಂದೇ ದೃಷ್ಟಿಯಲ್ಲಿ ನೋಡುತ್ತಿದ್ದಾಳೆ. ಅದಕ್ಕೂ ತಾವೇ ಪರಿಹಾರ ಸೂಚಿಸಬೇಕು.

ಗಾಜು ಬಿಚ್ಚಿದ ಮೂರನೆಯ ತಿಂಗಳ ಒಂದು ಮಂಗಳವಾರ, ನಾನು ಸರಳಿನ ಧೂಳು ಒರೆಸುತ್ತಿದ್ದಾಗ, ಬಲಗಾಲಿನ ಹೆಬ್ಬೆರಳಿಗೆ ಇಕ್ಕಳ ಹಾಕಿದಂತಾಯಿತು. ಹೆಡ್‌ಮಾಸ್ಟರು ಹೊಟ್ಟೆಯನ್ನು ನೆಲದಿಂದ ಮೇಲೆತ್ತಿ, ಕೋಣೆಯ ಆ ಕೊನೆಯಿಂದ ನಾಲ್ಕೂ ಕಾಲಲ್ಲಿ ನಡೆದು ಬಂದು, ಹದಿನಾಲ್ಕು ತಿಂಗಳ ಲೆಕ್ಕವನ್ನು ಒಂದೇ ಕಚ್ಚಿನಲ್ಲಿ ಮುಗಿಸಿದ್ದರು. ನಾನು ಕಿರುಚಿದ್ದು ಕೇಳಿ ಅತ್ತೆ ಓಡಿ ಬಂದರು. ಮಗಳೂ ಇರಲಿಲ್ಲ, ದೊರೆಸಾನಿಯೂ ಇರಲಿಲ್ಲ. “ಕಚ್ತಾ? ಜೋರಾಗಿ ಕಚ್ತಾ ಅಳಿಯಂದ್ರೇ?” ಎಂದು ಅವರೇ ಕೇಳಿದರು. ಪ್ರಾಣ ಹೋಗುವಷ್ಟು ಎಂದೆ. ಅವರು ನೆಲದ ಮೇಲೆ ಕೂತು, ಕಣ್ಣು ಒರೆಸಿಕೊಳ್ಳುತ್ತಾ, ಮೂರು ತಿಂಗಳ ಬಾಕಿ ಸುದ್ದಿಯನ್ನೆಲ್ಲ ಹೆಡ್‌ಮಾಸ್ಟರಿಗೆ ಹೇಳಲು ಶುರುಮಾಡಿದರು. ಅದರಲ್ಲಿ ಅರ್ಧ ನನ್ನ ಮೇಲಿನ ದೂರು. ನಾನು ಪಕ್ಕದಲ್ಲೇ ಕೂತು ಕೇಳಿದೆ.

ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಮಾತ್ರ,
ತಮ್ಮ ವಿಶ್ವಾಸಿ,
ಗಾಜಿನಂಗಡಿಯವನು

ವಿ.ಸೂ.: ಈ ಪತ್ರವನ್ನು ಗಾಜಿಲ್ಲದ ಆ ಚೌಕಟ್ಟಿಗೇ, ತಮ್ಮ ದಾರಿಯಲ್ಲಿ ಅಂಟಿಸಿದ್ದೇನೆ, ಬರಲಾಗಲಿಲ್ಲ ಎಂಬ ನೆಪಕ್ಕೆ ಇನ್ನು ಎಡೆಯಿಲ್ಲ. ಅಂಗಡಿಯ ಬೋರ್ಡಿನ ಕೆಂಪು ಅಕ್ಷರಗಳನ್ನು ತಾವು ಎರಡೇ ವರ್ಷದಲ್ಲಿ ಅಳಿಸಿಹಾಕಿದ್ದು ನೆನಪಿದೆ. ಈ ಶಾಯಿಯೂ ಮಾಸಿದರೆ ತಾವು ಓದಿದ್ದೀರೆಂದು ತಿಳಿಯುತ್ತೇನೆ. ಮಾಸದಿದ್ದರೆ, ತಾವು ಮತ್ತೆ ಕೆಲಸಕ್ಕೆ ಚಕ್ಕರ್ ಹೊಡೆದಿದ್ದೀರೆಂದು ಅತ್ತೆಯವರಿಗೆ ವರದಿ ಮಾಡಲಾಗುವುದು. ಅವರು ಸುಮ್ಮನಾದರೆ ಏನಾಗುತ್ತದೆಂಬುದನ್ನು ಮೇಲೆ ವಿವರವಾಗಿ ಬರೆದಿದ್ದೇನೆ.