ಪರಸ್ಪರ ಪರಿಚಯವಿಲ್ಲದ ಎಂಟು ಹೆಂಗಸರು

೧೯೮೧ರ ಜೂನ್ ೯, ಮಂಗಳವಾರ. ನನ್ನ ಡೈರಿಯಲ್ಲಿ ಆ ದಿನ ಒಂದೇ ಸಾಲಿದೆ: "ಇವತ್ತೂ ಒಬ್ಬರೂ ಕಾಫಿ ಕೆಟ್ಟದಾಗಿದೆ ಅನ್ನಲಿಲ್ಲ." ಮನೆಮನೆ ಸುತ್ತುವ ಕೆಲಸಕ್ಕೆ ಇಳಿದ ಮೇಲೆ ಇಂಥ ಸಾಲು ವಾರಕ್ಕೊಂದಾದರೂ ಬರೆಯುತ್ತಿದ್ದೆ.

ಬೆಂಗಳೂರಿನ ಒಂದು ಕಂಪನಿಗೆ ಸಣ್ಣ ಊರಿನ ಗೃಹಿಣಿಯರ ಅಭಿಪ್ರಾಯ ಬೇಕಿತ್ತು. ಅಂಥವರನ್ನು ಹುಡುಕಿ, ಒಪ್ಪಿಸಿ, ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ನಾನು ಮೈಸೂರಿನಲ್ಲಿ ಬಿ.ಎ. ಮಾಡಿದವಳು. ಆಮೇಲೆ ದೊಡ್ಡ ಸಂಸಾರ ನಡೆಸಿದೆ. ನನ್ನ ಡಿಗ್ರಿ ನೋಡಿ ಕೆಲಸ ಕೊಟ್ಟವರು ಇವರೇ ಮೊದಲು. ಅದನ್ನು ಉಳಿಸಿಕೊಳ್ಳಬೇಕೆಂಬ ಹಟ ನನಗಿತ್ತು.

ಕಡೂರು: ಎರಡು ಡಬ್ಬಿ

ಮನೆಮನೆಗೆ ಎರಡು ಕಾಫಿಪುಡಿ ಡಬ್ಬಿ ಕೊಡಬೇಕು, ಒಂದು ಕೆಂಪು, ಒಂದು ನೀಲಿ. ವಾರ ಬಿಟ್ಟು ಹೋಗಿ ಯಾವುದು ಚೆನ್ನ ಎಂದು ಕೇಳಬೇಕು. ಕೊಟ್ಟವಳ ಎದುರಿಗೆ ಚೆನ್ನಾಗಿಲ್ಲ ಅನ್ನುವುದು ನಮ್ಮ ಕಡೆ ರೂಢಿಯಲ್ಲೇ ಇಲ್ಲ. "ಎರಡೂ ಚೆನ್ನಾಗೈತೆ ಕಣ್ರೀ" ಅನ್ನುತ್ತಿದ್ದರು. ಇಂಥ ಉತ್ತರದಿಂದ ಉಪಯೋಗವಿಲ್ಲ ಎಂದು ಕಂಪನಿ ಕಾಗದ ಬರೆಯಿತು.

ಕೊಬ್ಬರಿ ವ್ಯಾಪಾರಿಯೊಬ್ಬರ ಮನೆಯಲ್ಲಿ ನಾನು ಬೇರೆ ದಾರಿ ಹಿಡಿದೆ.

"ಹೋಗ್ಲಿ, ಯಾವ ಡಬ್ಬಿ ಯಾರಿಗೆ ಮಾಡ್ತೀಯಮ್ಮ?"

ಸೊಸೆ ಯೋಚನೆಯನ್ನೇ ಮಾಡಲಿಲ್ಲ. "ಕೆಂಪು ಡಬ್ಬೀದು ಬೀಗರು ಬಂದ್ರೆ, ನಮ್ಮೆಜಮಾನ್ರಿಗೆ, ನನಗೆ. ನೀಲಿದು ನಮ್ಮತ್ತೆಗೆ. ಅವರಿಗೆ ಅದೇ ಬಾಳ ಇಷ್ಟ."

ಒಳಗೆ ಅತ್ತೆ ಅಕ್ಕಿ ಕೇರುತ್ತಿದ್ದ ಮೊರದ ಸದ್ದು ನಿಂತಿತು. "ಇನ್ನೊಂದು ಡಬ್ಬಿ ಐತೆ ಅಂತ ನನಗ್ಯಾರೂ ಹೇಳ್ಲೇ ಇಲ್ವಲ್ಲೇ."

ತರೀಕೆರೆ: ತೀರ್ಮಾನ ಯಾರದು

ತರೀಕೆರೆಗೆ ಹೋದದ್ದು ಬಟ್ಟೆ ಸೋಪಿನ ಪ್ರಶ್ನೆಗಳನ್ನು ಹಿಡಿದುಕೊಂಡು. ಬಳೆ ಅಂಗಡಿ ಸಾಹೇಬರು ಕುರ್ಚಿ ಹಾಕಿ ಕೂರಿಸಿ, ತಾವೇ ಎದುರಿಗೆ ಕೂತರು. ಅವರ ಬೀಬಿ ಪರದೆಯ ಹಿಂದೆ.

"ನಾನು ಅಮ್ಮನವರನ್ನ ಕೇಳ್ಬೇಕಿತ್ತು" ಎಂದೆ.

"ನಮ್ಮ ಮನೇಲಿ ತೀರ್ಮಾನ ಎಲ್ಲಾ ನಂದೇ. ಬರ್ಕೊಳ್ಳಿ."

ಬರೆದುಕೊಂಡೆ. "ಹಾಗಾದ್ರೆ ಯಾವ ಸೋಪು ಉಪಯೋಗಿಸ್ತೀರಿ?"

ಸಾಹೇಬರು ಮೇಲೆ ನೋಡಿದರು, ಗಡ್ಡ ನೀವಿಕೊಂಡರು, ಕೊನೆಗೆ ಪರದೆಯ ಕಡೆ ತಿರುಗಿದರು.

"ಹಸಿರು ಕಾಗದದ್ದು" ಎಂದಿತು ಪರದೆ. "ತೀರ್ಮಾನ ಮಾತ್ರ ಅವರದೇ, ಹಾಗೇ ಬರ್ಕೊಳ್ಳಿ."

ಅಜ್ಜಂಪುರ: ಎಂಟು ಜನ

ನಿಜವಾದ ಪರೀಕ್ಷೆ ಅಜ್ಜಂಪುರದಲ್ಲಿ. ಎಂಟು ಗೃಹಿಣಿಯರನ್ನು ಒಂದು ಕೋಣೆಯಲ್ಲಿ ಕೂರಿಸಬೇಕು, ಕಂಪನಿಯ ಆಫೀಸರು ಬಂದು ಕಾಫಿಯ ಬಗ್ಗೆ ಮಾತಾಡಿಸುತ್ತಾರೆ. ಆದರೆ ಆ ಎಂಟು ಜನಕ್ಕೆ ಒಬ್ಬರಿಗೊಬ್ಬರ ಪರಿಚಯ ಇರಕೂಡದು. ಇದ್ದರೆ ಸಭೆ ರದ್ದು, ನನ್ನ ಮೂರೂ ಊರಿನ ಕೆಲಸ ಬೇರೆಯವರಿಗೆ.

ಊರಿಗೆ ಹೊಸಬಳಾದ ಮೇಷ್ಟರ ಹೆಂಡತಿ, ರೈಲ್ವೆ ಕ್ವಾರ್ಟರ್ಸಿನವಳು, ಪೇಟೆ ಕೊನೆಯ ಒಬ್ಬ ಹಿರಿಯಾಕೆ, ಹೀಗೆ ಬೇರೆಬೇರೆ ಬೀದಿ ಸುತ್ತಿ ಎಂಟು ಜನರನ್ನು ಕೂಡಿಸಿದೆ. ಅವರಲ್ಲಿ ಯಾರೂ ಇನ್ನೊಬ್ಬರ ಮುಖ ನೋಡಿದವರಲ್ಲ. ಎಲ್ಲರೂ ಬಂದು ಕೂತರು. ಆಫೀಸರ ರೈಲು ಮಾತ್ರ ತಡವಾಯಿತು.

ಹಿರಿಯಾಕೆ ಎಲೆಗೆ ಸುಣ್ಣ ಸವರುತ್ತ ಮೇಷ್ಟರ ಹೆಂಡತಿಯನ್ನು ಕೇಳಿದಳು: "ತೌರು ಯಾವೂರಾಯ್ತಮ್ಮ?"

"ಹಿರೇನಲ್ಲೂರು."

"ಹಿರೇನಲ್ಲೂರಲ್ಲಿ ಯಾರ ಪೈಕಿ?"

ನಾನು ಕೈ ಮುಗಿದೆ. "ದಯವಿಟ್ಟು ಮಾತಾಡ್ಬೇಡಿ."

"ಮಾತಾಡೋಕೆ ಅಂತ್ಲೇ ಕರ್ಕೊಂಡ್ ಬಂದ್ರಲ್ರೀ."

ಆಫೀಸರು ಬರುವ ಹೊತ್ತಿಗೆ ಮೇಷ್ಟರ ಹೆಂಡತಿ ಹಿರಿಯಾಕೆಯ ನಾದಿನಿಯ ಸೊಸೆಗೆ ಚಿಕ್ಕಪ್ಪನ ಮಗಳಾಗಿದ್ದಳು. ಇನ್ನು ಮೂವರು ಒಂದೇ ಮಠದ ಭಕ್ತರಾಗಿದ್ದರು. ರೈಲ್ವೆಯಾಕೆಗೆ ಮಾತ್ರ ಯಾರ ಕಡೆಯಿಂದಲೂ ಸಂಬಂಧ ಸಿಕ್ಕದೆ ಎಲ್ಲರೂ ಅವಳನ್ನು ಸಮಾಧಾನ ಮಾಡುತ್ತಿದ್ದರು.

ಆಫೀಸರು ತೆಳ್ಳಗಿನ ಹುಡುಗ. ಕಾಗದ ನೋಡಿಕೊಂಡು ಕೇಳಿದ: "ನಿಮ್ಮಲ್ಲಿ ಯಾರಿಗಾದ್ರೂ ಪರಸ್ಪರ ಪರಿಚಯ ಇದೆಯಾ?"

"ಈಗ ಐತೆ" ಎಂದಳು ಹಿರಿಯಾಕೆ.

ಅವನು ಪೆನ್ನಿನ ಮುಚ್ಚಳ ಹಾಕಿದ. ನನ್ನ ಕೆಲಸ ಹೋಯಿತೆಂದುಕೊಂಡೆ.

"ಅದಿರ್ಲಿ, ನಿಮ್ದು ಯಾವೂರಪ್ಪಾ?" ಎಂದಳು ಹಿರಿಯಾಕೆ.

"ಹೊಳಲ್ಕೆರೆ ಹತ್ರ, ಅಮ್ಮಾ."

"ಹತ್ರ ಅಂದ್ರೆ? ಯಾರ ಮನೆ?"

ಅವನು ಹಳ್ಳಿಯ ಹೆಸರು ಹೇಳಿದ, ತಾಯಿಯ ಹೆಸರೂ ಹೇಳಿದ. ಹಿರಿಯಾಕೆ ಎಲೆ ಅಡಿಕೆ ಪಕ್ಕಕ್ಕಿಟ್ಟಳು.

"ಲೇ, ನೀನು ಅವಳ ಮಗನೇನೋ? ನಿನ್ನನ್ನ ತೊಟ್ಟಿಲಿಗೆ ಹಾಕಿದೋಳು ನಾನೇ ಕಣೋ. ಕೂತ್ಕೋ."

ಅವನು ಕೂತ. ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದ: "ನಿಯಮ ಹಿಡಿದ್ರೆ ಮೇಡಂ, ಮೊದಲು ನಾನೇ ಆಚೆ ಹೋಗ್ಬೇಕು."

ಸಭೆ ಸಂಜೆಯವರೆಗೂ ನಡೆಯಿತು. ನಡುವೆ ಕಾಫಿಯ ಬಗ್ಗೆಯೂ ಮಾತಾಡಿದರು, ಒಳ್ಳೆಯ ಮಾತುಗಳನ್ನೇ. ಈ ಭಾಗದಲ್ಲಿ ಅಪರಿಚಿತರು ದೊರೆಯುವುದಿಲ್ಲ ಎಂದು ಅವನು ಕಂಪನಿಗೆ ಬರೆದ. ಕಂಪನಿ ನಮ್ಮ ಮೂರು ಊರಿಗೆ ಆ ನಿಯಮ ಬಿಟ್ಟಿತು. ಕೆಲಸ ನನಗೇ ಉಳಿಯಿತು.

ಅಷ್ಟರಲ್ಲಿ ಹಿರಿಯಾಕೆ ಅವನಿಗೆ ಮದುವೆಯಾಗಿಲ್ಲವೆಂದು ತಿಳಿದುಕೊಂಡಿದ್ದಳು, ಮೇಷ್ಟರ ಹೆಂಡತಿಗೆ ತಂಗಿಯಿರುವುದನ್ನೂ, ವರಸೆ ಕೂಡುವುದನ್ನೂ. ಮುಂದಿನ ಬೇಸಿಗೆಗೆ ಲಗ್ನವಾಯಿತು. ಸಂಬಂಧ ಕುದುರಿಸಿದವಳು ನಾನೇ ಎಂದು ಎರಡೂ ಕಡೆಯವರು ಹೇಳಿದರು, ಎರಡೂ ಕಡೆಯವರು ಬಂದು ಅಕ್ಷತೆ ಕೊಟ್ಟು ಕರೆದರು.

ಆ ಸಭೆಯಿಂದ ನನಗೆ ಒಟ್ಟು ಬಿದ್ದ ಖರ್ಚು ಇಷ್ಟು: ಹೆಣ್ಣಿನ ಕಡೆಯ ಮುಯ್ಯಿಗೆ ಒಂದು ರೇಷ್ಮೆ ಸೀರೆ, ಗಂಡಿನ ಕಡೆಯ ಮುಯ್ಯಿಗೆ ಒಂದು ಪಂಚೆ ಜೊತೆ, ಎಂಟೂ ಹೆಂಗಸರು ಸಭೆಗೆ ಬಂದುಹೋಗಲು ನನ್ನ ಲೆಕ್ಕದಲ್ಲಿ ಜಟಕಾ ಬಾಡಿಗೆ. ಕಂಪನಿ ಜಟಕಾ ಬಾಡಿಗೆಯನ್ನು ಮಾತ್ರ ಕೊಟ್ಟಿತು.